ಸೋಂಕಿನ ಎದುರು ಸೇವೆ: ಮುಖಗವಸು, ಕೈಗವಸುಗಳ ಚರಿತ್ರೆಯಲ್ಲಿ ಒಂದು ಧರ್ಮವಿಚಾರ

ರೋಗಿಯ ಹಾಸಿಗೆಯ ಬಳಿಗೆ ಹೋಗುವವರು ಮುಖಕ್ಕೆ ಗವಸು ಕಟ್ಟಿ, ಕೈಗೆ ಗವಸು ತೊಟ್ಟು, ಮೈಮೇಲೆ ನಿಲುವಂಗಿ ಹಾಕಿಕೊಳ್ಳುವುದನ್ನು ಇಂದು ನಾವು ಆಸ್ಪತ್ರೆಯ ಸಹಜ ಲಕ್ಷಣವೆಂದೇ ತಿಳಿದಿದ್ದೇವೆ. ಆದರೆ ಇವು ಒಂದೇ ಕಾಲದಲ್ಲಿ ಒಂದೇ ಉದ್ದೇಶದಿಂದ ಹುಟ್ಟಿದವುಗಳಲ್ಲ. ಮುಖಗವಸು ಹುಟ್ಟಿದ್ದು ರೋಗಿಯನ್ನು ವೈದ್ಯನಿಂದ ಕಾಯುವುದಕ್ಕೆ. ಕೈಗವಸು ಹುಟ್ಟಿದ್ದು ದಾದಿಯ ಕೈಯನ್ನು ಔಷಧದಿಂದ ಕಾಯುವುದಕ್ಕೆ. ಇವೆರಡೂ ಸೇವೆ ಮಾಡುವವನನ್ನು ರೋಗಿಯಿಂದ ಕಾಯುವ ಕವಚಗಳಾದದ್ದು ಆಮೇಲಿನ ಮಾತು. ಯಾರನ್ನು ಯಾರಿಂದ ಕಾಯಬೇಕು, ಕಾಯುವ ಸಾಧನವು ಎಲ್ಲರಿಗೂ ಸಾಲದೆ ಹೋದಾಗ ಯಾರ ಕೈಗೆ ಮೊದಲು ಕೊಡಬೇಕು ಎಂಬ ಪ್ರಶ್ನೆ ಈ ಚರಿತ್ರೆಯ ಉದ್ದಕ್ಕೂ ಬರುತ್ತದೆ. ಅದು ವೈದ್ಯಶಾಸ್ತ್ರದ ಪ್ರಶ್ನೆ ಮಾತ್ರವಲ್ಲವಾದ್ದರಿಂದ ಇಲ್ಲಿ ವಿಚಾರಿಸಲು ಯೋಗ್ಯವಾಗಿದೆ.

ನಮ್ಮ ಸೀಮೆಯಿಂದಲೇ ಆರಂಭಿಸೋಣ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲಿನ ಹಾದಿ ಹಿಡಿದು 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಬಂದಿತು. ಅಲ್ಲಿಂದ ಮುಂದೆ ಅರ್ಧ ಶತಮಾನದಷ್ಟು ಕಾಲ ಹಳೆಯ ಮೈಸೂರು ಸಂಸ್ಥಾನದ ಬಯಲುಸೀಮೆಗೆ ಅದು ಮತ್ತೆ ಮತ್ತೆ ಬರುತ್ತಿತ್ತು. ಐ.ಡಿ.ಹಳ್ಳಿಯಂತಹ ಹೋಬಳಿಯ ಊರುಗಳಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯ ಜನಕ್ಕೆ ಅದರ ಮೊದಲ ಸೂಚನೆ ಆಸ್ಪತ್ರೆಯಿಂದ ಬರುತ್ತಿರಲಿಲ್ಲ, ಅಟ್ಟದಿಂದ ಬರುತ್ತಿತ್ತು. 'ಇಲಿ ಬಿತ್ತು' ಎಂದರೆ ಸಾಕು, ಮನೆಗೆ ಬೀಗ ಹಾಕಿ, ದನಕರು ಹೊಡೆದುಕೊಂಡು, ಊರ ಹೊರಗಿನ ಹೊಲಗಳಲ್ಲಿ ಸೋಗೆಯ ಗುಡಿಸಲು ಕಟ್ಟಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಅಂದಿನ ಆಡಳಿತವು ಈ ರೋಗಕ್ಕೆ ಹೂಡಿದ ಉಪಾಯಗಳೆಲ್ಲದರಲ್ಲಿ ನಿಜವಾಗಿ ಫಲ ಕೊಟ್ಟ ಒಂದು ಉಪಾಯ ಇದೇ ಎಂದು ಈಗ ಹೇಳಬಹುದು. ಅದಕ್ಕೆ ಯಾವ ಕಾರಣವನ್ನು ಜನ ಹೇಳುತ್ತಿದ್ದರೂ, ಇಲಿ ಸತ್ತ ಮನೆಯಲ್ಲಿ ಇರಬಾರದೆಂಬ ಅನುಭವ ಸರಿಯಾಗಿತ್ತು.

ಸರಕಾರದ ಕಡೆಯ ತಿಳಿವಳಿಕೆ ಆಗ ಇನ್ನೂ ಅಲ್ಲಿಗೆ ಬಂದಿರಲಿಲ್ಲ. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಪ್ಲೇಗಿನ ಕ್ರಿಮಿಯನ್ನು ಕಂಡುಹಿಡಿದಿದ್ದರೂ, ಅದು ಮನುಷ್ಯನಿಗೆ ಬರುವುದು ಇಲಿಯ ಚಿಗಟದಿಂದ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಾಂಡ್ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲಿ. ಆ ಮಾತನ್ನು ವೈದ್ಯಲೋಕ ಒಪ್ಪಿಕೊಳ್ಳಲು ಇನ್ನೂ ಹಲವು ವರ್ಷ ಹಿಡಿಯಿತು. ಅಲ್ಲಿಯವರೆಗೆ ಹೋರಾಟವೆಲ್ಲ ಮನುಷ್ಯನ ಮೈಯ ಮೇಲೆ, ಮನೆಯ ಗೋಡೆಯ ಮೇಲೆ ನಡೆಯಿತು. ಮೈಸೂರಿನಲ್ಲಿ ವಿ.ಪಿ. ಮಾಧವರಾಯರು ಪ್ಲೇಗ್ ಕಮಿಷನರಾಗಿ ನೇಮಕಗೊಂಡರು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ತಪಾಸಣೆ, ರೋಗಿಗಳನ್ನು ಪ್ರತ್ಯೇಕ ಷೆಡ್ಡುಗಳಿಗೆ ಸಾಗಿಸುವುದು, ಸೋಂಕು ತಗುಲಿದ ಮನೆಗಳಿಗೆ ಕಾರ್ಬಾಲಿಕ್ ಆಮ್ಲ, ಪಾದರಸದ ಪರ್‌ಕ್ಲೋರೈಡ್ ದ್ರಾವಣ ಎರಚುವುದು ಆ ಕಾಲದ ಕ್ರಮಗಳು. ಚಿಗಟಕ್ಕೆ ಇವುಗಳಿಂದ ಆದದ್ದು ಅಷ್ಟಕ್ಕಷ್ಟೆ. ಒಂದು ವಿಚಿತ್ರವನ್ನು ಮಾತ್ರ ಅಂದಿನ ವೈದ್ಯರೂ ಗಮನಿಸಿದ್ದರು: ಗಂಟುಪ್ಲೇಗಿನ ರೋಗಿಗಳನ್ನು ರಾತ್ರಿಹಗಲು ಮುಟ್ಟಿ ಉಪಚರಿಸುತ್ತಿದ್ದ ಆಸ್ಪತ್ರೆಯ ದಾದಿಯರು, ಜವಾನರು ಆ ರೋಗಕ್ಕೆ ಬೀಳುತ್ತಿದ್ದುದು ತೀರ ಅಪರೂಪ. ಇಲಿಯಿಲ್ಲದ ಚೊಕ್ಕಟ ಷೆಡ್ಡಿನಲ್ಲಿ ಚಿಗಟವೂ ಇರಲಿಲ್ಲ. ಮುಟ್ಟಿದ್ದರಿಂದ ಬರುತ್ತದೆಂಬ ಭಯ ಎಷ್ಟು ದೊಡ್ಡದಾಗಿತ್ತೋ, ಆ ರೋಗದಲ್ಲಿ ಮುಟ್ಟುವಿಕೆಯ ಅಪಾಯ ಅಷ್ಟು ಚಿಕ್ಕದಾಗಿತ್ತು.

ಮುಟ್ಟುವಿಕೆಯ ಮಾತು ಬಂದುದರಿಂದ ಒಬ್ಬರನ್ನು ಇಲ್ಲಿ ನೆನೆಯದೆ ಮುಂದುವರಿಯಲಾಗದು. ಆ ವರ್ಷಗಳಲ್ಲಿ ಬೆಂಗಳೂರಿನ ಪ್ಲೇಗ್ ಶಿಬಿರಗಳಲ್ಲಿ ದುಡಿದವರಲ್ಲಿ ಡಾ. ಪಿ. ಪಲ್ಪು ಒಬ್ಬರು. ಮದರಾಸಿನಲ್ಲಿ ವೈದ್ಯಶಿಕ್ಷಣ ಮುಗಿಸಿದ್ದ ಇವರಿಗೆ ಸ್ವಂತ ನಾಡಾದ ತಿರುವಾಂಕೂರಿನಲ್ಲಿ ಸರಕಾರಿ ಕೆಲಸ ಸಿಗಲಿಲ್ಲ. ಹುಟ್ಟಿದ ಈಳವ ಜಾತಿಯೇ ಅದಕ್ಕೆ ಅಡ್ಡಿಯಾಗಿತ್ತು. ಮೈಸೂರು ಸಂಸ್ಥಾನ ಅವರನ್ನು ಸೇವೆಗೆ ತೆಗೆದುಕೊಂಡಿತು. ಯಾರನ್ನು ಮುಟ್ಟಬಾರದೆಂದು ಒಂದು ಸಮಾಜ ನಿಶ್ಚಯಿಸಿತ್ತೋ ಆ ವ್ಯಕ್ತಿ, ಯಾರೂ ಮುಟ್ಟಲು ಅಂಜುತ್ತಿದ್ದ ರೋಗಿಗಳನ್ನು ಇನ್ನೊಂದು ನಾಡಿನಲ್ಲಿ ಮುಟ್ಟಿ ಉಪಚರಿಸಿದರು. ಸೋಂಕಿನ ಭಯಕ್ಕೂ ಮಡಿಮೈಲಿಗೆಯ ಅಸಹ್ಯಕ್ಕೂ ಹೊರಗಿನಿಂದ ನೋಡಿದರೆ ಹೋಲಿಕೆಯುಂಟು. ಎರಡೂ 'ದೂರ ನಿಲ್ಲು' ಎನ್ನುತ್ತವೆ. ಒಳಗಿನ ವ್ಯತ್ಯಾಸವನ್ನು ಮುಂದೆ ನೋಡೋಣ.

ಪ್ಲೇಗಿನ ಕಾಲದ ಇನ್ನೊಂದು ಪಾಠ ದೂರದ ಪಂಜಾಬಿನದು. ವಾಲ್ಡೆಮಾರ್ ಹಾಫ್‌ಕಿನ್ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡು ಪರೀಕ್ಷಿಸಿದ್ದರು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಆ ಲಸಿಕೆ ಹಾಕಲಾಯಿತು. ಅವರಲ್ಲಿ 19 ಮಂದಿ ಧನುರ್ವಾಯುವಿನಿಂದ ಸತ್ತರು. ಆ ಹತ್ತೊಂಬತ್ತು ಮಂದಿಗೂ ಲಸಿಕೆ ಹೋದದ್ದು ಒಂದೇ ಸೀಸೆಯಿಂದ. ಆಪಾದನೆ ಹಾಫ್‌ಕಿನ್‌ರ ತಲೆಗೆ ಬಂದು ಅವರು ಹುದ್ದೆ ಕಳೆದುಕೊಂಡರು. ಆಮೇಲೆ ಹೊರಬಿದ್ದ ಸಂಗತಿಯೆಂದರೆ, ಸೀಸೆಯ ಬಿರಟೆ ತೆಗೆಯುವಾಗ ಸಹಾಯಕನ ಕೈಯಿಂದ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಕಾಯಿಸದೆ ಕಾರ್ಬಾಲಿಕ್ ನೀರಿನಲ್ಲಿ ಅದ್ದಿ ಮತ್ತೆ ಬಳಸಿದ್ದರು. ಧನುರ್ವಾಯುವಿನ ಬೀಜ ಮಣ್ಣಿನಲ್ಲಿರುತ್ತದೆ, ಅಂತಹ ಅದ್ದುವಿಕೆಗೆ ಸಾಯುವುದಿಲ್ಲ. 1907ರಲ್ಲಿ ಹಾಫ್‌ಕಿನ್ ನಿರ್ದೋಷಿಯೆಂದು ಸಾಬೀತಾಯಿತು. ಆ ಹತ್ತೊಂಬತ್ತು ಮಂದಿಗೆ ಅದರಿಂದ ಪ್ರಯೋಜನವಿರಲಿಲ್ಲ. ಕೊಲ್ಲುವ ಸಂಕಲ್ಪ ಅಲ್ಲಿ ಯಾರಿಗೂ ಇರಲಿಲ್ಲ. ರಕ್ಷಿಸುವ ಸಂಕಲ್ಪವೇ ಇತ್ತು. ಸಂಕಲ್ಪವಿಲ್ಲದ ಹಿಂಸೆಯನ್ನು ಕುರಿತು ಜೈನ ಆಚಾರ್ಯರು 'ಪ್ರಮಾದ'ವೆಂಬ ಒಂದು ಪದವನ್ನು ಬಳಸಿದ್ದಾರೆ. ಅಜಾಗರೂಕತೆಯೇ ಹಿಂಸೆಯ ಮೂಲವೆಂಬ ಆ ಮಾತಿಗೆ ಮುಲ್ಕೋವಾಲಿನ ಇಕ್ಕಳಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ.

ವೈದ್ಯನ ಕೈಯೇ ರೋಗವನ್ನು ಒಯ್ಯಬಲ್ಲದೆಂಬ ಅರಿವು ಅದಕ್ಕೆ ಐವತ್ತು ವರ್ಷ ಹಿಂದೆಯೇ ಬಂದಿತ್ತು, ಆದರೆ ಕಹಿಯಾಗಿ ಬಂದಿತ್ತು. ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಎರಡು ವಿಭಾಗಗಳಿದ್ದವು. ಸೂಲಗಿತ್ತಿಯರು ಕಲಿಯುತ್ತಿದ್ದ ವಿಭಾಗದಲ್ಲಿ ಬಾಣಂತಿಯರ ಸಾವು ಕಡಿಮೆ; ವೈದ್ಯವಿದ್ಯಾರ್ಥಿಗಳಿದ್ದ ವಿಭಾಗದಲ್ಲಿ ಹೆಚ್ಚು. ವಿದ್ಯಾರ್ಥಿಗಳು ಶವಪರೀಕ್ಷೆಯ ಕೋಣೆಯಿಂದ ನೇರವಾಗಿ ಹೆರಿಗೆ ಕೋಣೆಗೆ ಬರುತ್ತಿದ್ದರು. 1847ರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಅವರೆಲ್ಲರೂ ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟು ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ವೇಳೆಗೆ ನೂರಕ್ಕೆ ಎರಡರ ಸುಮಾರಿಗೆ ಇಳಿಯಿತು. ಆದರೂ ದೊಡ್ಡ ವೈದ್ಯರು ಒಪ್ಪಲಿಲ್ಲ. ತಮ್ಮ ಕೈಯೇ ಕೊಂದಿತೆಂದು ಒಪ್ಪುವುದು ಅವರಿಗೆ ಸಾಧ್ಯವಾಗಲಿಲ್ಲವೆಂದೇ ಹೇಳಬೇಕು. ಜೋಸೆಫ್ ಲಿಸ್ಟರ್ 1867ರಲ್ಲಿ ಕಾರ್ಬಾಲಿಕ್ ಆಮ್ಲದ ವಿಧಾನವನ್ನು ಪ್ರಕಟಿಸಿದ ಮೇಲೆಯೇ ಶಸ್ತ್ರಚಿಕಿತ್ಸೆಯ ಕೋಣೆಗೆ ಶುದ್ಧಿಯ ನಿಯಮ ಬಂದದ್ದು.

ಕೈಗವಸಿನ ಕತೆ ಇದರ ಬೆನ್ನಿಗೇ ಬರುತ್ತದೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ದಾದಿಯಿದ್ದಳು. ನಮ್ಮ ಪ್ಲೇಗಿನ ಮನೆಗಳಿಗೆ ಎರಚುತ್ತಿದ್ದ ಆ ಪಾದರಸದ ದ್ರಾವಣದಲ್ಲಿಯೇ ಅಲ್ಲಿ ದಿನವೂ ಕೈ ಅದ್ದಬೇಕಾಗಿತ್ತು. ಅವಳ ಕೈಯ ಚರ್ಮ ಬೆಂದಂತಾಯಿತು. 1889-90ರ ಚಳಿಗಾಲದಲ್ಲಿ ಮುಖ್ಯ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಯಿಂದ ಅವಳಿಗಾಗಿ ತೆಳುವಾದ ರಬ್ಬರ್ ಗವಸುಗಳನ್ನು ಮಾಡಿಸಿಕೊಟ್ಟರು. (ಮುಂದೆ ಅವಳನ್ನೇ ಮದುವೆಯಾದರು.) ಆ ಗವಸಿನಿಂದ ರೋಗಿಯ ಗಾಯಕ್ಕೂ ಒಳಿತಾಗುತ್ತದೆಂಬುದು ಕೆಲವು ವರ್ಷಗಳ ಮೇಲೆ ಹೊಳೆದ ವಿಷಯ. ಮುಖಗವಸು 1897ರದು. ಮಾತನಾಡುವಾಗ ಬಾಯಿಂದ ಹಾರುವ ಹನಿಗಳಲ್ಲಿ ಕ್ರಿಮಿಗಳಿರುತ್ತವೆಂದು ಕಾರ್ಲ್ ಫ್ಲೂಗೆ ತೋರಿಸಿದ ಆ ದಿನಗಳಲ್ಲಿ, ಬ್ರೆಸ್ಲಾವಿನ ಶಸ್ತ್ರವೈದ್ಯ ಮಿಕುಲಿಚ್ ಒಂದು ಪದರದ ಜಾಳುಬಟ್ಟೆಯನ್ನು ಬಾಯಿಗೆ ಕಟ್ಟಿಕೊಂಡು ಶಸ್ತ್ರಚಿಕಿತ್ಸೆ ಮಾಡಿದರು. ತನ್ನ ಉಸಿರು ಇನ್ನೊಂದು ಜೀವಕ್ಕೆ ಕೇಡಾಗಬಾರದು ಎಂಬುದಷ್ಟೇ ಅಲ್ಲಿಯ ಉದ್ದೇಶ.

ಈ ಕಡೆಯ ಮಾತನ್ನು ಓದುವಾಗ ವಾಚಕರಿಗೆ ಶ್ವೇತಾಂಬರ ಸಾಧುಗಳ ಮುಖವಸ್ತ್ರಿಕೆಯ ನೆನಪಾಗುವುದು ಸಹಜ. ಸ್ಥಾನಕವಾಸಿಗಳು ಅದನ್ನು ಸದಾ ಕಟ್ಟಿಕೊಂಡಿರುತ್ತಾರೆ. ಮೂರ್ತಿಪೂಜಕರು ಮಾತನಾಡುವಾಗ ಬಾಯಿಯ ಮುಂದೆ ಹಿಡಿಯುತ್ತಾರೆ. ನಮ್ಮ ಕರ್ನಾಟಕದಲ್ಲಿ ಹೆಚ್ಚಾಗಿ ಕಾಣುವ ದಿಗಂಬರ ಮುನಿಗಳಲ್ಲಿ ಅದಿಲ್ಲ, ಪಿಂಛಿಯಿದೆ. 2020ರ ಮಹಾಮಾರಿಯ ಸಮಯದಲ್ಲಿ, ನಮ್ಮ ಪೂರ್ವಿಕರಿಗೆ ವೈರಾಣುಗಳ ಸಂಗತಿ ಆಗಲೇ ತಿಳಿದಿತ್ತು ಎಂದು ಹೇಳಿಕೊಂಡವರುಂಟು. ಹಾಗೆ ಹೇಳುವ ಅಗತ್ಯವಿಲ್ಲ. ಹೇಳಿದರೆ ಆ ಆಚಾರದ ಬೆಲೆ ತಗ್ಗುತ್ತದೆಯೇ ಹೊರತು ಏರುವುದಿಲ್ಲ. ಮುಖವಸ್ತ್ರಿಕೆ ರೋಗ ತಡೆಯಲು ಹುಟ್ಟಿದ್ದಲ್ಲ. ಗಾಳಿಯಲ್ಲಿರುವ ಜೀವಕ್ಕೆ ತನ್ನ ಬಿಸಿಯುಸಿರು ತಾಗದಿರಲಿ ಎಂಬ ಕರುಣೆಯಿಂದ ಹುಟ್ಟಿದ್ದು. ಮಿಕುಲಿಚ್ ಕಟ್ಟಿದ ಬಟ್ಟೆಗೂ ಅದಕ್ಕೂ ಇರುವ ಸಾಮ್ಯ ಒಂದೇ: ಎರಡೂ ಧರಿಸಿದವನನ್ನಲ್ಲ, ಎದುರಿಗಿರುವವನನ್ನು ಕಾಯಲು ಕಟ್ಟಿದವು.

ಈ ದಿಕ್ಕು ಬದಲಾದದ್ದು 1910-11ರ ಚಳಿಗಾಲದಲ್ಲಿ, ಮಂಚೂರಿಯಾದಲ್ಲಿ. ಅಲ್ಲಿ ಹರಡಿದ್ದು ಗಂಟುಪ್ಲೇಗಲ್ಲ. ಕೆಮ್ಮಿನಿಂದ ಕೆಮ್ಮಿಗೆ ದಾಟುವ ಶ್ವಾಸಕೋಶದ ಪ್ಲೇಗು. ಸುಮಾರು 60,000 ಜನ ಸತ್ತರು. ಪೆನಾಂಗ್‌ನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಕಲಿತಿದ್ದ ವು ಲಿಯೆನ್-ತೆ ಎಂಬ ತರುಣ ವೈದ್ಯ ಹತ್ತಿ ಮತ್ತು ಜಾಳುಬಟ್ಟೆಯ ಪದರಗಳ ಮುಖಗವಸನ್ನು ಮಾಡಿಸಿ, ವೈದ್ಯರು, ದಾದಿಯರು, ಶವ ಹೊರುವವರು ಎಲ್ಲರೂ ಕಟ್ಟಬೇಕೆಂದರು. ಹಾರ್ಬಿನ್‌ಗೆ ಬಂದ ಹಿರಿಯ ಫ್ರೆಂಚ್ ವೈದ್ಯ ಮೆಸ್ನಿ ಕಿರಿಯನ ಮಾತನ್ನು ಅಲ್ಲಗಳೆದು ಬರಿಮುಖದಲ್ಲಿ ರೋಗಿಗಳನ್ನು ನೋಡಲು ಹೋದರು. 1911ರ ಜನವರಿಯಲ್ಲಿ ಅದೇ ರೋಗದಿಂದ ತೀರಿಕೊಂಡರು. ಅಂದಿನಿಂದ ಮುಖಗವಸು ಸೇವಕನ ಕವಚವೂ ಆಯಿತು. ವು ಅವರ ಪಟ್ಟಿಯಲ್ಲಿ ಶವ ಹೊರುವವನ ಹೆಸರೂ ಇದ್ದುದನ್ನು ಗಮನಿಸಬೇಕು, ಏಕೆಂದರೆ ಮುಂದಿನ ಎಷ್ಟೋ ಪಟ್ಟಿಗಳಲ್ಲಿ ಅವನು ಕಾಣುವುದಿಲ್ಲ.

ಕವಚ ಬಂದ ಮೇಲೆ ಒಂದು ಧರ್ಮಸಂದೇಹವೂ ಬಂದಿತು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆ ಒಂದು. ರೋಗಗ್ರಸ್ತ ದೇಹವನ್ನು ಕಂಡು ಜುಗುಪ್ಸೆಪಡದಿರುವುದು ಎಂದು ಅದಕ್ಕೆ ಅರ್ಥ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಅಂಗಕ್ಕೆ ದೃಷ್ಟಾಂತವಾಗಿ ಉದ್ದಾಯನ ರಾಜನ ಹೆಸರು ಬರುತ್ತದೆ. ವ್ಯಾಧಿಗ್ರಸ್ತನಾಗಿ ಬಂದ ಮುನಿಯು ಮೈಮೇಲೆ ವಾಂತಿ ಮಾಡಿಕೊಂಡರೂ ಅಸಹ್ಯಪಡದೆ ತೊಳೆದು ಉಪಚರಿಸಿದವನು ಅವನು. ಹಾಗಿದ್ದರೆ ಗವಸು ತೊಟ್ಟು ಮುಟ್ಟುವುದು ವಿಚಿಕಿತ್ಸೆಯಾಗುವುದಿಲ್ಲವೇ? ಈ ಪ್ರಶ್ನೆಗೆ ಸಾರಾಸಗಟಾದ ಉತ್ತರವಿಲ್ಲ. ರೋಗವನ್ನು ನೋಡಿ ಹೇಳಬೇಕು. ಕುಷ್ಠವನ್ನು ತೆಗೆದುಕೊಳ್ಳಿ. ಪಾವಗಡದಲ್ಲಿ ರಾಮಕೃಷ್ಣ ಸೇವಾಶ್ರಮದ ಸ್ವಾಮಿ ವಿವೇಕಾನಂದ ಗ್ರಾಮೀಣ ಆರೋಗ್ಯ ಕೇಂದ್ರವು ಕುಷ್ಠ ಮತ್ತು ಕ್ಷಯದ ರೋಗಿಗಳನ್ನು ಉಪಚರಿಸುವ ಕೆಲಸವನ್ನು ಕೈಗೊಂಡಿತು. ಸ್ವಾಮಿ ಜಪಾನಂದರ ಹೆಸರು ಆ ಸೀಮೆಯಲ್ಲಿ ಇದರಿಂದಲೇ ಪರಿಚಿತ. ಈ ಎರಡು ರೋಗಗಳನ್ನು ಜೊತೆಯಲ್ಲಿಟ್ಟು ನೋಡಿದರೆ ವಿವೇಕವೆಂಬುದರ ಅರ್ಥ ತಿಳಿಯುತ್ತದೆ. ಕುಷ್ಠ ಸುಲಭವಾಗಿ ಅಂಟುವ ರೋಗವಲ್ಲ. ಬಹುಪಾಲು ಜನರ ದೇಹಕ್ಕೆ ಅದನ್ನು ತಡೆಯುವ ಶಕ್ತಿ ಸಹಜವಾಗಿಯೇ ಇದೆ. ಬಹುಔಷಧ ಚಿಕಿತ್ಸೆ ಆರಂಭವಾದ ಮೇಲೆ ರೋಗಿಯಿಂದ ಹರಡುವ ಭಯ ಬಹುಬೇಗ ಇಲ್ಲವಾಗುತ್ತದೆ. ಅವನ ಭುಜದ ಮೇಲೆ ಕೈಯಿಡಲು ಗವಸು ಹುಡುಕುವವನು ತೊಡುವುದು ಗವಸನ್ನಲ್ಲ, ಜುಗುಪ್ಸೆಯನ್ನು. ಕ್ಷಯ ಹಾಗಲ್ಲ, ಅದು ಗಾಳಿಯಲ್ಲಿ ಬರುತ್ತದೆ. ಅಲ್ಲಿ ರೋಗಿಯ ಬಾಯಿಗೆ ಬಟ್ಟೆ, ಕೋಣೆಗೆ ತೆರೆದ ಕಿಟಕಿ, ಶುಶ್ರೂಷೆ ಮಾಡುವವನಿಗೆ ಸರಿಯಾದ ಮುಖಗವಸು ಬೇಕೇ ಬೇಕು. ಅದನ್ನು ತೊಡದೆ ಧೈರ್ಯ ತೋರುವವನು ನಿರ್ವಿಚಿಕಿತ್ಸೆಯನ್ನು ಪಾಲಿಸಿದಂತಾಗುವುದಿಲ್ಲ. ಮುಂದಿನ ರೋಗಿಗೆ ತಾನೇ ಸೋಂಕನ್ನು ಒಯ್ದಂತಾಗಬಹುದು.

ಗವಸಿಗಿಂತ ಹೆಚ್ಚಾಗಿ ನಮ್ಮ ಹಳ್ಳಿಗಳ ಚರಿತ್ರೆಯಲ್ಲಿ ಪ್ರಾಣಾಂತಕವಾಗಬಹುದಾಗಿದ್ದ ವಸ್ತು ಸೂಜಿ. ಗಾಜಿನ ಸಿರಿಂಜು, ಉಕ್ಕಿನ ಸೂಜಿ, ಅವನ್ನು ಕುದಿಸುವ ಉದ್ದನೆಯ ಪಾತ್ರೆ, ಸ್ಟವ್ವು ಇವಿಷ್ಟು ಆ ಕಾಲದ ಕಾಂಪೌಂಡರನ ಸಂಸಾರ. ಸರಿಯಾಗಿ ಇಪ್ಪತ್ತು ನಿಮಿಷ ಕುದಿಸುವ ತಾಳ್ಮೆಯಿದ್ದವರು ಇದ್ದರು. ಸೀಮೆಎಣ್ಣೆ ತೀರಿದ ದಿನ ಬಿಸಿನೀರಿನಲ್ಲಿ ಜಾಲಾಡಿಸಿ ಚುಚ್ಚಿದವರೂ ಇದ್ದರು. 1980ರ ದಶಕದಲ್ಲಿ ಏಡ್ಸ್ ಬಂದ ಮೇಲೆ ಅಮೆರಿಕದಲ್ಲಿ ಸಾರ್ವತ್ರಿಕ ಮುಂಜಾಗ್ರತೆ ಎಂಬ ನಿಯಮ ರೂಪುಗೊಂಡಿತು. ಅದರ ತಿರುಳು ಸರಳ: ಯಾರಲ್ಲಿ ರೋಗವಿದೆಯೆಂದು ಮುಖ ನೋಡಿ ತಿಳಿಯಲಾಗದು, ಆದ್ದರಿಂದ ಎಲ್ಲರ ರಕ್ತವನ್ನೂ ಸೋಂಕಿನ ರಕ್ತವೆಂದೇ ಭಾವಿಸಿ ಎಲ್ಲರನ್ನೂ ಒಂದೇ ಎಚ್ಚರದಿಂದ ಕಾಣಬೇಕು. ಸಮತೆ ಎಂಬ ದೊಡ್ಡ ಮಾತಿಗೆ ಆಸ್ಪತ್ರೆಯ ಭಾಷೆಯಲ್ಲಿ ಇಂಥ ಅರ್ಥ ಬರುವುದೆಂದು ಯಾರೂ ಎಣಿಸಿರಲಿಲ್ಲ. ಬಡವ, ಬಲ್ಲಿದ, ಸಜ್ಜನ, ದುರ್ಜನ ಎಂಬ ಭೇದ ಗವಸಿಗೆ ಇಲ್ಲ. ಆದರೆ ನಿಯಮ ಬಂದ ಮಾತ್ರಕ್ಕೆ ಪ್ರಮಾದ ತೀರಲಿಲ್ಲ. 2009ರ ಆರಂಭದಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್-ಬಿ ಹರಡಿ ಹಲವಾರು ಜನ ಸತ್ತರು.

ಆಸ್ಪತ್ರೆಯೇ ರೋಗದ ಮನೆಯಾಗುವ ಇನ್ನೂ ಘೋರ ಉದಾಹರಣೆ ನಿಪಾ. 2001ರಲ್ಲಿ ಸಿಲಿಗುರಿಯಲ್ಲಿ ಅದು ಕಾಣಿಸಿಕೊಂಡಾಗ ರೋಗ ಯಾವುದೆಂದೇ ತಿಳಿದಿರಲಿಲ್ಲ. ಬಿದ್ದ 66 ಮಂದಿಯಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಜನ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಇಲ್ಲವೆ ರೋಗಿಯನ್ನು ನೋಡಲು ಹೋದವರು. 2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡ್ ಜಿಲ್ಲೆಗೆ ಬಂದಾಗಲೂ ಹೆಚ್ಚಿನವರಿಗೆ ಅದು ತಗುಲಿದ್ದು ಆಸ್ಪತ್ರೆಗಳಲ್ಲಿಯೇ. ಪೆರಾಂಬ್ರ ತಾಲ್ಲೂಕು ಆಸ್ಪತ್ರೆಯ ದಾದಿ ಲಿನಿ ಪುದುಶ್ಶೇರಿ ಮೊದಲ ರೋಗಿಗಳಲ್ಲೊಬ್ಬನನ್ನು ಉಪಚರಿಸಿ, ತಾನೂ ರೋಗಕ್ಕೆ ಬಿದ್ದು, ಮೇ 21ರಂದು ತೀರಿಕೊಂಡಳು. ಎರಡು ಎಳೆಯ ಮಕ್ಕಳ ತಾಯಿ. ಅವಳನ್ನು ವೀರಳೆಂದು ನಾಡು ಹೊಗಳಿತು, ಹೊಗಳಿಕೆ ನ್ಯಾಯವೇ. ಆದರೆ ತಾಲ್ಲೂಕು ಆಸ್ಪತ್ರೆಯ ದಾದಿಗೆ ಹೆಸರಿಲ್ಲದ ಜ್ವರದ ರೋಗಿ ಬಂದ ರಾತ್ರಿ ಬೇಕಾದದ್ದು ಹೊಗಳಿಕೆಯಲ್ಲ.

ಎರಡೇ ವರ್ಷದಲ್ಲಿ ಆ ರಾತ್ರಿ ಎಲ್ಲ ತಾಲ್ಲೂಕುಗಳಿಗೂ ಬಂದಿತು. 2020ರ ಮಾರ್ಚ್ 10ರಂದು ಕಲಬುರಗಿಯ ವೃದ್ಧರೊಬ್ಬರು ತೀರಿಕೊಂಡರು. ಕೋವಿಡ್‌ನಿಂದಾದ ಭಾರತದ ಮೊದಲ ಸಾವು ಅದು. ಕೆಲವೇ ದಿನಗಳಲ್ಲಿ ಅವರಿಗೆ ಚಿಕಿತ್ಸೆ ನೀಡಿದ್ದ ವೈದ್ಯರಿಗೂ ಸೋಂಕಿರುವುದು ಗೊತ್ತಾಯಿತು. ಮಾರ್ಚ್ 27ರಂದು ಶಿರಾದ ಹಿರಿಯರೊಬ್ಬರ ಸಾವಿನೊಂದಿಗೆ ತುಮಕೂರು ಜಿಲ್ಲೆಯಲ್ಲಿಯೂ ಮಹಾಮಾರಿ ತನ್ನ ಹೆಸರು ಬರೆಯಿತು. ಮೈತುಂಬ ಮುಚ್ಚುವ ರಕ್ಷಾಕವಚವನ್ನು ಆವರೆಗೆ ನಮ್ಮ ದೇಶ ಹೆಚ್ಚುಕಡಿಮೆ ಹೊರಗಿನಿಂದಲೇ ತರಿಸಿಕೊಳ್ಳುತ್ತಿತ್ತು. ಎರಡು ತಿಂಗಳೊಳಗೆ ದಿನಕ್ಕೆ ಲಕ್ಷಗಟ್ಟಲೆ ಕವಚಗಳು ಇಲ್ಲಿಯೇ ತಯಾರಾಗತೊಡಗಿದವು, ಅದರಲ್ಲಿ ದೊಡ್ಡ ಪಾಲು ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳದು. ಬಟ್ಟೆಯ ಹೊಲಿಗೆಯ ಸಂದಿನಲ್ಲಿ ರಕ್ತದಂತಹ ದ್ರವ ಇಳಿಯುತ್ತದೆಯೇ ಎಂದು ಪರೀಕ್ಷಿಸುವ ಕೆಲಸವನ್ನು ಕೊಯಮತ್ತೂರಿನ ಜವಳಿ ಸಂಶೋಧನಾ ಸಂಸ್ಥೆ ವಹಿಸಿಕೊಂಡಿತು. ಹೊಲಿಗೆಯ ತೂತುಗಳನ್ನು ಅಂಟುಪಟ್ಟಿಯಿಂದ ಮುಚ್ಚದ ಕವಚ ಬರಿಯ ಮಳೆಯಂಗಿ.

ಆ ಕವಚ ತೊಟ್ಟು ದುಡಿದವರೆಲ್ಲ ಕಲಿತ ಒಂದು ಸಂಗತಿಯುಂಟು. ಅಪಾಯವಿರುವುದು ತೊಡುವಾಗ ಅಲ್ಲ, ಕಳಚುವಾಗ. ಆರೆಂಟು ಗಂಟೆ ಬೆವರಿನಲ್ಲಿ ನೆನೆದು, ನೀರೂ ಕುಡಿಯದೆ ದಣಿದವನು ಅವಸರದಿಂದ ಕಳಚಿದರೆ ಹೊರಮೈಯ ಸೋಂಕು ಕೈಗೆ, ಕೈಯಿಂದ ಕಣ್ಣಿಗೆ ಬರುತ್ತದೆ. ಗವಸನ್ನು ಒಳಮಗ್ಗುಲು ಹೊರಗೆ ಬರುವಂತೆ ಮಗುಚಿ ತೆಗೆಯಬೇಕು, ನಿಲುವಂಗಿಯನ್ನು ಒದರದೆ ಸುತ್ತಬೇಕು, ಪ್ರತಿ ಹೆಜ್ಜೆಗೂ ಕೈ ಶುದ್ಧಿ ಮಾಡಿಕೊಳ್ಳಬೇಕು, ಮುಖಗವಸು ಕಡೆಗೆ. ವಸ್ತುವನ್ನು ಎತ್ತುವಾಗ, ಇಡುವಾಗ ನೋಡಿ ಮಾಡಬೇಕೆಂಬ ಆದಾನನಿಕ್ಷೇಪಣ ಸಮಿತಿಯನ್ನೂ, ತ್ಯಾಜ್ಯವನ್ನು ಯಾರಿಗೂ ಬಾಧೆಯಾಗದಂತೆ ಬಿಡಬೇಕೆಂಬ ಉತ್ಸರ್ಗ ಸಮಿತಿಯನ್ನೂ ಬಲ್ಲ ಓದುಗರಿಗೆ ಈ ಕ್ರಮ ಅಪರಿಚಿತವೆನಿಸದು. ಇನ್ನು ಗವಸು ತೊಟ್ಟ ಕೈಯಿಂದಲೇ ಬಾಗಿಲು, ಫೋನು, ಮುಂದಿನ ಹಾಸಿಗೆಯ ರೋಗಿ ಎಲ್ಲವನ್ನೂ ಮುಟ್ಟುವವರನ್ನು ಇಂದಿಗೂ ಕಾಣಬಹುದು. ಅವರ ಕೈ ಕ್ಷೇಮವಾಗಿರುತ್ತದೆ. ಸೋಂಕು ಹಾಸಿಗೆಯಿಂದ ಹಾಸಿಗೆಗೆ ಸಾಗುತ್ತದೆ. ವಿಯೆನ್ನಾದ ವಿದ್ಯಾರ್ಥಿಗಳ ಕೈಗೂ ಆ ಗವಸಿಗೂ ವ್ಯತ್ಯಾಸವಿಲ್ಲ.

ಮೊದಲು ಯಾರಿಗೆ ಎಂಬ ಪ್ರಶ್ನೆಗೆ 2020 ಕೊಟ್ಟ ಉತ್ತರ ಅಷ್ಟು ಹೆಮ್ಮೆಯದಲ್ಲ. ಮನೆ ಮನೆಗೆ ಹೋಗಿ ಜ್ವರ ಕೆಮ್ಮು ವಿಚಾರಿಸಿದವರು, ಹೊರಗಿನಿಂದ ಬಂದವರ ಪಟ್ಟಿ ಮಾಡಿದವರು ಆಶಾ ಕಾರ್ಯಕರ್ತೆಯರು. ಆ ವರ್ಷದ ಜುಲೈ 10ರಿಂದ ಕರ್ನಾಟಕದ ಸುಮಾರು 42,000 ಆಶಾ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ಅವರ ಬೇಡಿಕೆಗಳು ಮುಖ್ಯವಾಗಿ ಎರಡು: ತಿಂಗಳಿಗೆ 12,000 ರೂಪಾಯಿ ಗೌರವಧನ, ಮತ್ತು ಸರಿಯಾದ ಮುಖಗವಸು, ಕೈಗವಸು, ಶುದ್ಧಿದ್ರಾವಣ. ಬೆಂಗಳೂರಿನ ಕಾರ್ಖಾನೆಗಳಿಂದ ಕವಚಗಳು ರಾಶಿರಾಶಿಯಾಗಿ ಹೊರಬರುತ್ತಿದ್ದ ತಿಂಗಳು ಅದು.

ಅವರಿಗಿಂತಲೂ ಕೆಳಗಿನ ಮೆಟ್ಟಿಲಿನಲ್ಲಿ ಇನ್ನೊಬ್ಬರಿದ್ದಾರೆ. 1998ರಲ್ಲಿ ಮೊದಲು ಬಂದು 2016ರಲ್ಲಿ ಹೊಸದಾಗಿ ರೂಪುಗೊಂಡ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಆಸ್ಪತ್ರೆಯ ಕಸ ಹುಟ್ಟಿದ ಸ್ಥಳದಲ್ಲಿಯೇ ಬೇರ್ಪಡಬೇಕು: ರಕ್ತ ಹತ್ತಿದ ಹತ್ತಿ, ಬಟ್ಟೆ ಹಳದಿ ಚೀಲಕ್ಕೆ, ಕೊಳವೆ, ಗವಸುಗಳಂತಹ ಪ್ಲಾಸ್ಟಿಕ್, ರಬ್ಬರು ಕೆಂಪಿಗೆ, ಸೂಜಿ, ಬ್ಲೇಡುಗಳು ಚುಚ್ಚಿದರೂ ತೂತಾಗದ ಬಿಳಿಯ ಡಬ್ಬಿಗೆ, ಗಾಜು ನೀಲಿಗೆ. ಈ ಕಸ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್-ಬಿ ಮತ್ತು ಧನುರ್ವಾಯುವಿನ ಲಸಿಕೆ ಹಾಕಿಸಬೇಕು, ರಕ್ಷಣಾ ಸಾಧನ ಕೊಡಬೇಕು, ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಮಾಡಿಸಬೇಕು ಎಂದು ಆ ನಿಯಮದಲ್ಲಿಯೇ ಬರೆದಿದೆ. ವಾರ್ಡಿನಲ್ಲಿ ಒಬ್ಬರು ಅವಸರದಿಂದ ಸೂಜಿಯನ್ನು ಹಳದಿ ಚೀಲಕ್ಕೆ ಎಸೆದರೆ, ಅದು ಚುಚ್ಚುವುದು ಎಸೆದವರ ಕೈಗಲ್ಲ. ಹಿತ್ತಲಿನಲ್ಲಿ ಆ ಚೀಲವನ್ನು ಎತ್ತಿ ಬಂಡಿಗೆ ಹಾಕುವ ಗುತ್ತಿಗೆ ಕೆಲಸಗಾರನ ಅಂಗೈಗೆ. ಅವನಿಗೆ ಬೇಕಾದದ್ದು ಮೊಣಕೈವರೆಗಿನ ದಪ್ಪ ರಬ್ಬರಿನ ಗವಸು ಮತ್ತು ಗಟ್ಟಿ ಬೂಟು. ಅವನ ಕೈಗೆ ಹೆಚ್ಚಾಗಿ ಬರುವುದು ವೈದ್ಯರು ನಾಡಿ ನೋಡುವಾಗ ತೊಡುವ ತೆಳುಗವಸು. ಸೂಜಿಯ ಮೊನೆ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ.